ಪಥ್ಯವೆಂಬ ಔಷಧ

ನಮ್ಮ ನಾಡಿನ ಮನೆಮನೆಗಳಲ್ಲಿ ಹಿರಿಯರ ಬಾಯಿಂದ ಕಿರಿಯರ ಕಿವಿಗೆ ಇಳಿದು ಬಂದ ಎರಡು ಮಾತುಗಳುಂಟು. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬುದು ಒಂದು; 'ಲಂಘನಂ ಪರಮೌಷಧಂ' ಎಂಬುದು ಇನ್ನೊಂದು. ಮೊದಲನೆಯದು ಉಣ್ಣುವ ಬಗೆಯನ್ನು ಕಲಿಸುವ ಮಾತು. ಎರಡನೆಯದು ಉಣ್ಣದಿರುವುದನ್ನು ಕಲಿಸುವ ಮಾತು. ಎರಡಕ್ಕೂ ತಕ್ಕ ಸ್ಥಳವುಂಟು, ತಕ್ಕ ಕಾಲವುಂಟು. ಆದರೆ ಕಾಲ ಕಳೆದಂತೆ ಎರಡನೆಯ ಮಾತೇ ಬಲವಾಗಿ, ಪಥ್ಯವೆಂದರೆ ರೋಗಿಯ ಎಲೆಯ ಮೇಲಿನ ಪದಾರ್ಥಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗುವುದೆಂಬ ಭಾವನೆಯು ಜನರಲ್ಲಿ ಬೇರೂರಿತು. ಇದು ಹಾಲಾಗದು, ಅದು ಹಣ್ಣಾಗದು, ನೀರೂ ಹೆಚ್ಚಾಗದು ಎಂದು ಹೇಳಬಲ್ಲವನೇ ದೊಡ್ಡ ವೈದ್ಯನೆನಿಸಿದನು. ಹೀಗಾದುದರಿಂದ ಎಷ್ಟು ಬಾಣಂತಿಯರು ಸೊರಗಿದರು, ಎಷ್ಟು ಕೂಸುಗಳು ಕಣ್ಣುಮುಚ್ಚಿದವು ಎಂಬುದಕ್ಕೆ ಲೆಕ್ಕವಿಟ್ಟವರಿಲ್ಲ.

ವಾಸ್ತವವಾಗಿ ಪಥ್ಯದ ಮೂಲಾರ್ಥವು ಹೀಗಿಲ್ಲ. 'ಪಥ' ಎಂದರೆ ಮಾರ್ಗ. ದೇಹದ ಮಾರ್ಗಗಳಿಗೆ ಕೇಡನ್ನುಂಟುಮಾಡದೆ, ಮನಸ್ಸಿಗೂ ಒಪ್ಪುವಂಥ ಆಹಾರವೇ ಪಥ್ಯವೆಂದು ಚರಕಾಚಾರ್ಯರ ಅಭಿಪ್ರಾಯ. ಅಂದರೆ ಪಥ್ಯವು ಮೊದಲು ಕೊಡುವ ವಿಧಿ, ಆಮೇಲೆ ಬಿಡಿಸುವ ವಿಧಿ. ಶ್ರೀಮಠದ ಮಹೋತ್ಸವದ ಈ ಸಂಪುಟದಲ್ಲಿ ಇಂಥ ವಿಷಯವೇಕೆಂದು ಕೆಲವರಿಗೆ ತೋರಬಹುದು. ಅನ್ನವನ್ನು ನೀಡುವುದನ್ನೇ ಮಹಾವ್ರತವಾಗಿ ಹಿಡಿದ ಸ್ಥಾನದಲ್ಲಿ, ರೋಗಿಗೆ ಯಾವ ಅನ್ನವನ್ನು ಹೇಗೆ ನೀಡಬೇಕೆಂಬ ವಿಚಾರಕ್ಕಿಂತ ಹತ್ತಿರದ ವಿಷಯವಾದರೂ ಯಾವುದಿದ್ದೀತು? ಆದುದರಿಂದ ಪಥ್ಯವು ನಡೆದುಬಂದ ದಾರಿಯನ್ನು, ಅದು ತಪ್ಪಿದ ಸ್ಥಳವನ್ನು, ಮತ್ತೆ ದಾರಿಗೆ ಬಂದ ಬಗೆಯನ್ನು ಯಥಾಮತಿ ಇಲ್ಲಿ ನಿರೂಪಿಸುತ್ತೇನೆ.

ಚರಕಸಂಹಿತೆಯ ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ ಋಷಿಗಳ ಒಂದು ಸಭೆಯ ವರ್ಣನೆ ಬರುತ್ತದೆ. ಕಾಶಿಯ ಅರಸನಾದ ವಾಮಕನು ಅಲ್ಲಿ ಒಂದು ಪ್ರಶ್ನೆಯನ್ನಿಡುತ್ತಾನೆ: ಮನುಷ್ಯನು ಯಾವುದರಿಂದ ಹುಟ್ಟುತ್ತಾನೆಯೋ, ಅವನ ರೋಗಗಳೂ ಅದರಿಂದಲೇ ಹುಟ್ಟುತ್ತವೆಯೇ? ಒಬ್ಬ ಋಷಿ ಆತ್ಮವೆನ್ನುತ್ತಾನೆ; ಇನ್ನೊಬ್ಬನು ಮನಸ್ಸೆನ್ನುತ್ತಾನೆ; ಮತ್ತೊಬ್ಬನು ಕರ್ಮವೆನ್ನುತ್ತಾನೆ; ಕಾಲವೆನ್ನುವವನೂ ಸ್ವಭಾವವೆನ್ನುವವನೂ ಉಂಟು. ವಾದವು ಬೆಳೆದಾಗ ಪುನರ್ವಸು ಆತ್ರೇಯನು ಅವರನ್ನು ತಡೆದು, ಯಾವ ವಸ್ತುಗಳು ಸರಿಯಾಗಿ ಕೂಡಿದರೆ ಪುರುಷನು ಹುಟ್ಟುತ್ತಾನೆಯೋ ಅವೇ ಕೆಟ್ಟರೆ ವ್ಯಾಧಿಗಳು ಹುಟ್ಟುತ್ತವೆಯೆಂದೂ, ಹಿತವಾದ ಆಹಾರವೇ ಪುರುಷನ ಅಭಿವೃದ್ಧಿಗೂ ಅಹಿತವಾದ ಆಹಾರವೇ ರೋಗಕ್ಕೂ ಕಾರಣವೆಂದೂ ನಿರ್ಣಯಿಸುತ್ತಾನೆ.

ಇಷ್ಟಕ್ಕೆ ಸಭೆ ಮುಗಿಯುವುದಿಲ್ಲ. ಶಿಷ್ಯನಾದ ಅಗ್ನಿವೇಶನು ಮೇಲೆದ್ದು, ಹಿತವಾವುದು ಅಹಿತವಾವುದು ಎಂದು ತಪ್ಪಿಲ್ಲದೆ ತಿಳಿಯುವುದು ಹೇಗೆಂದು ಕೇಳುತ್ತಾನೆ. ಏಕೆಂದರೆ ಒಂದೇ ಪದಾರ್ಥವು ಅಳತೆ, ಕಾಲ, ಮಾಡುವ ರೀತಿ, ದೇಶ, ದೇಹ, ದೋಷ, ವಯಸ್ಸು ಇವುಗಳು ಬದಲಾದಂತೆ ಒಬ್ಬನಿಗೆ ಅಮೃತವೂ ಇನ್ನೊಬ್ಬನಿಗೆ ವಿಷವೂ ಆಗುವುದುಂಟಲ್ಲವೇ? ಈ ಪ್ರಶ್ನೆಯೇ ಪಥ್ಯಶಾಸ್ತ್ರದ ಜೀವಾಳವೆಂದು ಹೇಳಬೇಕು. ಆತ್ರೇಯನು ಸ್ವಭಾವತಃ ಹಿತವಾದ ಪದಾರ್ಥಗಳನ್ನು ಹೇಳದೆ ಬಿಡಲಿಲ್ಲ. ಧಾನ್ಯಗಳಲ್ಲಿ ಕೆಂಪಕ್ಕಿ, ಬೇಳೆಗಳಲ್ಲಿ ಹೆಸರು, ಉಪ್ಪುಗಳಲ್ಲಿ ಸೈಂಧವ, ಹಾಲುತುಪ್ಪಗಳಲ್ಲಿ ಗೋವಿನವು ಶ್ರೇಷ್ಠವೆಂದು ಎಣಿಸಿದನು. ಆದರೆ ಪಟ್ಟಿಯನ್ನು ಕೊಟ್ಟಮೇಲೂ ಅಳತೆ ಮತ್ತು ಕಾಲಗಳನ್ನು ಮರೆಯಬೇಡಿರೆಂಬ ಎಚ್ಚರಿಕೆಯನ್ನು ಇಟ್ಟನು. ಪಟ್ಟಿಯನ್ನು ಮಾತ್ರ ಕಂಠಪಾಠ ಮಾಡಿ ಎಚ್ಚರಿಕೆಯನ್ನು ಮರೆತುದು ಹಿಂದಿನವರ ತಪ್ಪಲ್ಲ, ನಮ್ಮ ತಪ್ಪು.

ಲಂಘನದ ವಿಷಯದಲ್ಲಿಯೂ ಹಾಗೆಯೇ. ಹೊಸ ಜ್ವರದಲ್ಲಿ ಲಂಘನವನ್ನು ಶಾಸ್ತ್ರವು ವಿಧಿಸುವುದು ನಿಜ. ಆದರೆ ಅದೇ ಸ್ಥಳದಲ್ಲಿ, ಲಂಘನವು ಪ್ರಾಣಬಲಕ್ಕೆ ವಿರೋಧವಾಗಬಾರದು, ಏಕೆಂದರೆ ಆರೋಗ್ಯವು ಬಲವನ್ನು ಆಶ್ರಯಿಸಿಕೊಂಡಿದೆ, ಆ ಆರೋಗ್ಯಕ್ಕಾಗಿಯೇ ಚಿಕಿತ್ಸೆಯೆಲ್ಲವೂ ಇದೆ ಎಂದು ಚರಕನು ಹೇಳಿದ್ದಾನೆ. ಗರ್ಭಿಣಿಯರು, ಮಕ್ಕಳು, ವೃದ್ಧರು, ದುರ್ಬಲರು ಇವರಿಗೆ ಲಂಘನ ಸಲ್ಲದೆಂದು ಆಯುರ್ವೇದ ಗ್ರಂಥಗಳು ಸಾರುತ್ತವೆ. ಲಂಘನದ ಬೆನ್ನಿಗೇ ಗಂಜಿಯ ಕ್ರಮವು ಬರುತ್ತದೆ. ಅಕ್ಕಿಗೆ ಹದಿನಾಲ್ಕು ಪಾಲು ನೀರು ಹಾಕಿ ಬೇಯಿಸಿ ಬಸಿದ ತಿಳಿಯು ಮಂಡ. ಆರು ಪಾಲು ನೀರಿನದು ಯವಾಗು. ನಾಲ್ಕು ಪಾಲಿನ ಗಟ್ಟಿಗಂಜಿಯು ವಿಲೇಪಿ. ಶೋಧನಚಿಕಿತ್ಸೆಯಾದ ರೋಗಿಯು ತೆಳುಗಂಜಿಯಿಂದ ಗಟ್ಟಿಗಂಜಿಗೆ, ಅಲ್ಲಿಂದ ಹೆಸರಿನ ಕಟ್ಟಿಗೆ, ಅಲ್ಲಿಂದ ಅನ್ನಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಆರಿಹೋಗುತ್ತಿರುವ ಒಲೆಗೆ ಮೊದಲು ಒಣಹುಲ್ಲನ್ನೂ ಆಮೇಲೆ ಚಕ್ಕೆಯನ್ನೂ ಕೊನೆಗೆ ಕೊರಡನ್ನೂ ಒಡ್ಡುವ ಹಾಗೆ ಜಠರಾಗ್ನಿಯನ್ನು ಎಬ್ಬಿಸುವ ಉಪಾಯವಿದು. ಇದರಲ್ಲಿ ಕೊಡುವುದು ಹೆಚ್ಚೋ ಬಿಡಿಸುವುದು ಹೆಚ್ಚೋ ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಕನ್ನಡ ನಾಡು ಈ ವಿದ್ಯೆಯಲ್ಲಿ ಹಿಂದುಳಿದುದಲ್ಲ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜೈನ ವೈದ್ಯನಾದ ಉಗ್ರಾದಿತ್ಯನು 'ಕಲ್ಯಾಣಕಾರಕ'ವೆಂಬ ಸಂಸ್ಕೃತ ಗ್ರಂಥವನ್ನು ಬರೆದು, ಅದರ ಕೊನೆಯಲ್ಲಿ ಹಿತಾಹಿತಗಳ ವಿಚಾರವನ್ನೇ ಪ್ರತ್ಯೇಕವಾಗಿ ಚರ್ಚಿಸಿ, ಮಾಂಸವಿಲ್ಲದೆ ಚಿಕಿತ್ಸೆಯು ಸಾಧ್ಯವೆಂದು ವಾದಿಸಿದನು. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ವೈದ್ಯವೂ ಸೂಪಶಾಸ್ತ್ರವೂ ಒಂದೇ ಹೊತ್ತಗೆಯಲ್ಲಿ ಅಕ್ಕಪಕ್ಕದಲ್ಲಿ ಕುಳಿತಿವೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಆಧರಿಸಿ 'ಕರ್ಣಾಟಕ ಕಲ್ಯಾಣಕಾರಕ'ವನ್ನು ಕನ್ನಡದಲ್ಲಿಯೇ ಬರೆದನು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ರಚಿಸಿದನು. ಕೆಳದಿಯ ವೀರಶೈವ ಅರಸನಾದ ಬಸವಪ್ಪನಾಯಕನು 1709ರಲ್ಲಿ ಮುಗಿಸಿದ 'ಶಿವತತ್ತ್ವರತ್ನಾಕರ'ವೆಂಬ ಮಹಾಕೋಶದಲ್ಲಿ ಪಾಕಶಾಸ್ತ್ರಕ್ಕೂ ವೈದ್ಯಕ್ಕೂ ಸ್ಥಾನವುಂಟು. ಅಡುಗೆಮನೆಯೂ ಔಷಧಶಾಲೆಯೂ ಒಂದೇ ಗೋಡೆಯ ಎರಡು ಮಗ್ಗುಲೆಂಬ ಭಾವನೆಯು ಈ ಗ್ರಂಥಕಾರರಲ್ಲಿ ಎದ್ದು ತೋರುತ್ತದೆ.

ಗ್ರಂಥಗಳಲ್ಲಿದ್ದುದು ಆಚರಣೆಯಲ್ಲಿಯೂ ಇದ್ದಿತು. ಬಳ್ಳಿಗಾವೆಯ ಕೋಡಿಯಮಠವು ಕಾಳಾಮುಖ ಶೈವರ ದೊಡ್ಡ ವಿದ್ಯಾಸ್ಥಾನವಾಗಿದ್ದಿತು. ಅಲ್ಲಿಯ 1162ರ ಶಾಸನವು ಆ ಮಠವನ್ನು ವರ್ಣಿಸುವಾಗ ವ್ಯಾಕರಣ, ದರ್ಶನಗಳ ಅಧ್ಯಯನವನ್ನು ಹೇಳಿದ ಹಾಗೆಯೇ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವನ್ನಿಕ್ಕುವ ಸ್ಥಾನವೆಂದೂ, ರೋಗಿಗಳಿಗೆ ಚಿಕಿತ್ಸೆಯು ನಡೆಯುವ ಸ್ಥಾನವೆಂದೂ ಕೊಂಡಾಡುತ್ತದೆ. ಆಂಧ್ರದ ಮಲ್ಕಾಪುರದ 1261ರ ಶಾಸನದಲ್ಲಿ ಗೋಳಕೀಮಠದ ವಿಶ್ವೇಶ್ವರ ಶಿವಾಚಾರ್ಯರು ಅನ್ನಸತ್ರದೊಡನೆ ಆರೋಗ್ಯಶಾಲೆಯನ್ನೂ ಪ್ರಸೂತಿಶಾಲೆಯನ್ನೂ ನಡೆಸಿದ ಉಲ್ಲೇಖವಿದೆ. ಅನ್ನ, ಅಕ್ಷರ, ಔಷಧ ಇವು ಮೂರೂ ಒಂದೇ ಛತ್ರದಡಿಯಲ್ಲಿ ಇದ್ದುದಕ್ಕೆ ಇವು ಕಲ್ಲಿನ ಸಾಕ್ಷಿಗಳು. ಕಲ್ಯಾಣದ ಶರಣರಲ್ಲಿಯೂ ವೈದ್ಯ ಸಂಗಣ್ಣನೆಂಬ ಶರಣನಿದ್ದನು; ರೋಗ, ಮದ್ದು, ಪಥ್ಯಗಳ ಪರಿಭಾಷೆಯಲ್ಲಿಯೇ ಅವನು ಅನುಭಾವವನ್ನು ನುಡಿದನು. ಕಾಯಕದಿಂದ ಬಂದ ಮಾತಿಗೆ ಇರುವ ತೂಕವು ಅಲ್ಲಿದೆ.

ಇಂಥ ಪರಂಪರೆಯು ಕ್ಷೀಣಿಸಿದುದು ಹೇಗೆ? ವೈದ್ಯನು ದೂರವಾದ ಹಳ್ಳಿಗಳಲ್ಲಿ, ಗ್ರಂಥದ ಸಂಬಂಧ ತಪ್ಪಿದ ಮೇಲೆ, ವಿವೇಚನೆ ಹೋಗಿ ನಿಷೇಧವೊಂದೇ ಉಳಿಯಿತು. ನಿಷೇಧವನ್ನು ನೆನಪಿನಲ್ಲಿಡುವುದು ಸುಲಭ. ಅಳತೆ ಕಾಲಗಳ ವಿವೇಕವನ್ನು ಕಲಿಯುವುದು ಕಷ್ಟ. ಹೆತ್ತ ತಾಯಿಗೆ ನೀರು ಕೊಟ್ಟರೆ ಮೈ ಊದುವುದೆಂದು ಗುಟುಕು ಗುಟುಕಾಗಿ ಅಳೆದು ಕೊಟ್ಟರು. ಸೊಪ್ಪು ತರಕಾರಿ ಹಣ್ಣುಗಳೆಲ್ಲ ತಂಪೆಂದು ತಿಂಗಳುಗಟ್ಟಲೆ ಬಿಡಿಸಿದರು. ಹೆರಿಗೆಯಾದೊಡನೆ ಬರುವ ಹಳದಿ ಬಣ್ಣದ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿದರು. ಕೂಸಿಗೆ ರೋಗವನ್ನು ತಡೆಯುವ ಶಕ್ತಿಯನ್ನು ಕೊಡುವ ಹಾಲು ಅದೇ ಆಗಿದ್ದಿತು. ವಾಂತಿಭೇದಿಯಾದ ಮಗುವಿಗೆ, ಕುಡಿಸಿದಷ್ಟೂ ಭೇದಿ ಹೆಚ್ಚುವುದೆಂದು ನೀರನ್ನೇ ನಿಲ್ಲಿಸಿದರು. ಒಣಗಿದ ನಾಲಿಗೆಯನ್ನು ಚಾಚಿ ನೀರು ಕೇಳುವ ಕೂಸಿನ ಮುಂದೆ ತಾಯಿಯು ಕರುಳು ಕಿತ್ತುಕೊಂಡು ಕುಳಿತಿದ್ದಳೇ ಹೊರತು ಕೊಡಲಿಲ್ಲ. ಕೊಡದಿರುವುದೇ ಮಗುವಿನ ಹಿತವೆಂದು ಅವಳನ್ನು ನಂಬಿಸಿದ್ದರು. ಪ್ರೀತಿಯಿಂದ ಮಾಡಿದ ಈ ತಪ್ಪಿಗಿಂತ ದಾರುಣವಾದುದು ಬೇರೊಂದಿಲ್ಲ.

ತಪ್ಪನ್ನು ತಿದ್ದುವ ಉಪಾಯವು ಪರೀಕ್ಷೆ. ಈ ಮಾತಿಗೆ ಪರದೇಶದ ಒಂದು ನಿದರ್ಶನವು ಬಹು ಉಪಯುಕ್ತವಾದುದು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ನಾವಿಕರು ತಿಂಗಳುಗಟ್ಟಲೆ ಸಮುದ್ರದಲ್ಲಿದ್ದಾಗ ಸ್ಕರ್ವಿ ಎಂಬ ರೋಗಕ್ಕೆ ತುತ್ತಾಗುತ್ತಿದ್ದರು. ವಸಡುಗಳು ಕೊಳೆತು ರಕ್ತ ಸೋರಿ, ಹಳೆಯ ಗಾಯಗಳು ಬಾಯಿಬಿಟ್ಟು ಸಾಯುತ್ತಿದ್ದರು. 1747ರ ಮೇ ತಿಂಗಳಲ್ಲಿ 'ಸಾಲಿಸ್‌ಬರಿ' ಎಂಬ ಹಡಗಿನ ವೈದ್ಯನಾದ ಜೇಮ್ಸ್ ಲಿಂಡನು ಇಂಥ 12 ಜನ ರೋಗಿಗಳನ್ನು ಆರಿಸಿ, ಇಬ್ಬಿಬ್ಬರಂತೆ ಆರು ಜೋಡಿಗಳನ್ನು ಮಾಡಿದನು. ಎಲ್ಲರಿಗೂ ಒಂದೇ ಊಟ. ಅದರ ಮೇಲೆ ಒಂದು ಜೋಡಿಗೆ ಸೇಬಿನ ಮದ್ಯ, ಒಂದಕ್ಕೆ ಹುಳಿಕಾಡಿ, ಒಂದಕ್ಕೆ ಸಮುದ್ರದ ನೀರು, ಹೀಗೆ ಬೇರೆಬೇರೆ ಕೊಟ್ಟನು. ಒಂದು ಜೋಡಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಆರೇ ದಿನಗಳಲ್ಲಿ ಹಣ್ಣು ಮುಗಿಯಿತು. ಅಷ್ಟರಲ್ಲಿ ಅವರಲ್ಲೊಬ್ಬನು ಕೆಲಸಕ್ಕೆ ಹಿಂದಿರುಗಿದನು, ಇನ್ನೊಬ್ಬನು ಉಳಿದ ರೋಗಿಗಳ ಆರೈಕೆಗೆ ನಿಂತನು. ಲಿಂಡನು 1753ರಲ್ಲಿ ಇದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರೂ ನೌಕಾಪಡೆಯು ನಿಂಬೆಯ ರಸವನ್ನು ವಿಧಿಸಿದುದು 1795ರಲ್ಲಿ; ಲಿಂಡನು ಅದರ ಹಿಂದಿನ ವರುಷವೇ ತೀರಿಕೊಂಡಿದ್ದನು. ಸತ್ಯವು ಕಂಡಮೇಲೂ ಎಲೆಯ ಮೇಲೆ ಬರಲು ಎಷ್ಟು ಕಾಲ ಹಿಡಿಯುತ್ತದೆಂಬುದಕ್ಕೆ ಇದೊಂದು ಪಾಠ.

ಎರಡನೆಯ ನಿದರ್ಶನವು ನಮ್ಮ ನಿತ್ಯದ ಅನ್ನಕ್ಕೇ ಸಂಬಂಧಿಸಿದುದು. ಅಕ್ಕಿಯನ್ನು ತೀರ ಬಿಳುಪಾಗುವವರೆಗೆ ತೌಡು ತೆಗೆದು ಉಣ್ಣುವ ದೇಶಗಳಲ್ಲಿ ಬೆರಿಬೆರಿ ಎಂಬ ರೋಗವಿದ್ದಿತು. ಕಾಲು ಸೋತು, ಮೈ ಊದಿ, ಹೃದಯ ನಿಂತು ಜನರು ಸಾಯುತ್ತಿದ್ದರು. ಜಪಾನಿನ 'ರ್ಯೂಜೋ' ಎಂಬ ಯುದ್ಧನೌಕೆಯು 1882ರಲ್ಲಿ ಹೊರಟ ದೀರ್ಘಯಾತ್ರೆಯಲ್ಲಿ 376 ಜನರ ಪೈಕಿ 169 ಜನರಿಗೆ ಈ ರೋಗ ತಗಲಿ 25 ಜನರು ಸತ್ತರು. ನೌಕಾಪಡೆಯ ವೈದ್ಯನಾದ ತಕಾಕಿ ಕನೆಹಿರೊ 1884ರಲ್ಲಿ 'ತ್ಸುಕುಬಾ' ಎಂಬ ಇನ್ನೊಂದು ನೌಕೆಯನ್ನು ಅದೇ ದಾರಿಯಲ್ಲಿ ಕಳುಹಿಸಿ, ಊಟವನ್ನು ಮಾತ್ರ ಬದಲಿಸಿದನು. ಒಬ್ಬನೂ ಬೆರಿಬೆರಿಯಿಂದ ಸಾಯಲಿಲ್ಲ. ಆದರೆ ಜಪಾನಿನ ಭೂಸೇನೆಯವರು ಇದನ್ನು ಒಪ್ಪದೆ ಬಿಳಿಯನ್ನವನ್ನೇ ಹಿಡಿದು ನಿಂತರು. ಅದರ ಫಲವಾಗಿ 1904-05ರ ರಷ್ಯಾ ಯುದ್ಧದಲ್ಲಿ ಸುಮಾರು 27,000 ಸೈನಿಕರು ಶತ್ರುವಿನ ಗುಂಡಿನಿಂದಲ್ಲ, ಈ ರೋಗದಿಂದ ಮಡಿದರು.

ಅದೇ ಕಾಲದಲ್ಲಿ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯನು ಸಾಕಿದ ಕೋಳಿಗಳಿಗೆ ಕಾಲು ಸೋಲುವ ರೋಗ ಬಂದಿತು. ಕೆಲವು ತಿಂಗಳಲ್ಲಿ ತಾನಾಗಿಯೇ ಹೋಯಿತು. ವಿಚಾರಿಸಲಾಗಿ, ಅಷ್ಟು ದಿನ ಆಸ್ಪತ್ರೆಯಲ್ಲಿ ಉಳಿದ ಬಿಳಿಯನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದರೆಂದೂ, ಹೊಸದಾಗಿ ಬಂದ ಅಡುಗೆಯವನು ಸೈನಿಕರ ಅಕ್ಕಿಯನ್ನು ಕೋಳಿಗಳಿಗೆ ಕೊಡಲೊಪ್ಪಲಿಲ್ಲವೆಂದೂ ತಿಳಿಯಿತು. ಒಬ್ಬ ಅಡುಗೆಯವನ ಹಟವು ಲೋಕಕ್ಕೆ ಉಪಕಾರವಾಯಿತು. ಆಮೇಲೆ ಜಾವಾದ ಸೆರೆಮನೆಗಳನ್ನು ಪರಿಶೀಲಿಸಿದಾಗ, ಬಿಳಿಯಕ್ಕಿ ಉಣ್ಣುವಲ್ಲಿ 39 ಜನರಿಗೊಬ್ಬನು ರೋಗಿಯಾದರೆ, ತೌಡುಳ್ಳ ಅಕ್ಕಿ ಉಣ್ಣುವಲ್ಲಿ 10,000 ಜನರಿಗೊಬ್ಬನೆಂದು ಕಂಡುಬಂದಿತು. ತೌಡಿನಲ್ಲಿದ್ದ ವಸ್ತುವಿಗೆ ಇಂದು ಥಯಾಮಿನ್ ಎಂದು ಹೆಸರು. ಐಕ್‌ಮನ್ನನಿಗೆ 1929ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇದಕ್ಕೂ ನಮ್ಮ ಕರಾವಳಿಗೂ ಒಂದು ಸಂಬಂಧವುಂಟು. ಭಾರತದಲ್ಲಿ ಬೆರಿಬೆರಿಯು ಹೆಚ್ಚಾಗಿ ಕಾಣಿಸಿಕೊಂಡುದು ಗಿರಣಿಯ ಬೆಳ್ತಿಗೆ ಅಕ್ಕಿಯನ್ನುಣ್ಣುವ ಆಂಧ್ರದ ತೀರದಲ್ಲಿ. ಕುಚ್ಚಲಕ್ಕಿಯನ್ನುಣ್ಣುವ ಪ್ರದೇಶಗಳು ಅದರಿಂದ ಪಾರಾದುವು. ಬತ್ತವನ್ನು ನೆನಸಿ ಬೇಯಿಸಿದಾಗ ತೌಡಿನ ಸಾರವು ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಗಿರಣಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ದಕ್ಷಿಣ ಕನ್ನಡದ ಕುಚ್ಚಲಕ್ಕಿ ಗಂಜಿಯ ಹಿಂದೆ ಇಂಥ ಯುಕ್ತಿಯಿದೆಯೆಂದು ಅದನ್ನು ಮೊದಲು ಬೇಯಿಸಿದ ಗೃಹಿಣಿಗೆ ತಿಳಿದಿರಲಾರದು. ಆದರೂ ಅವಳ ಮನೆಯವರು ಬದುಕಿದರು. ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯನು 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಬೆರಿಬೆರಿಯ ಶೋಧನೆಗೆಂದು ಆರಂಭಿಸಿದ ಚಿಕ್ಕ ಪ್ರಯೋಗಶಾಲೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ.

ಇನ್ನು ಗಂಜಿಯ ಕಥೆಗೆ ಹಿಂದಿರುಗೋಣ. 1971ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂದಾಗ ಬೋನ್‌ಗಾಂವ್‌ನ ಶಿಬಿರದಲ್ಲಿ ಕಾಲರಾ ಹರಡಿತು. ರಕ್ತನಾಳದ ಮೂಲಕ ಕೊಡುವ ಲವಣಜಲವು ತೀರಿಹೋಯಿತು. ಡಾಕ್ಟರ್ ದಿಲೀಪ್ ಮಹಲನಬಿಸರು ಉಪ್ಪು, ಗ್ಲೂಕೋಸ್ ಮತ್ತು ಅಡುಗೆಸೋಡಾಗಳನ್ನು ಅಳೆದು ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿಸಿ, ರೋಗಿಗಳ ಬಂಧುಗಳ ಕೈಯಲ್ಲಿಯೇ ಕುಡಿಸಿದರು. ಶಿಬಿರದಲ್ಲಿ ನೂರಕ್ಕೆ 30ರ ಸಮೀಪಕ್ಕೆ ಹೋಗಿದ್ದ ಸಾವು ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. ಕರುಳಿನಲ್ಲಿ ಸಕ್ಕರೆಯು ಹೀರಲ್ಪಡುವಾಗ ಉಪ್ಪನ್ನೂ, ಅದರ ಹಿಂದೆ ನೀರನ್ನೂ ಒಳಗೆ ಕರೆದೊಯ್ಯುತ್ತದೆ; ಭೇದಿಯಾಗುತ್ತಿರುವಾಗಲೂ ಈ ಬಾಗಿಲು ಮುಚ್ಚುವುದಿಲ್ಲ. 1978ರಲ್ಲಿ 'ಲಾನ್ಸೆಟ್' ಎಂಬ ವೈದ್ಯಪತ್ರಿಕೆಯು ಇದನ್ನು ಆ ಶತಮಾನದ ಅತಿ ಮುಖ್ಯವಾದ ವೈದ್ಯಕೀಯ ಮುನ್ನಡೆಯೆನಿಸಬಹುದೆಂದು ಬಣ್ಣಿಸಿತು. 1980ರಿಂದ ಹತ್ತು ವರುಷ ಬಾಂಗ್ಲಾದೇಶದಲ್ಲಿ ಸ್ತ್ರೀ ಕಾರ್ಯಕರ್ತರು ಮನೆಮನೆಗೆ ಹೋಗಿ, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬ ಪಾಠವನ್ನು ಒಂದು ಕೋಟಿಗೂ ಮಿಕ್ಕಿದ ತಾಯಂದಿರಿಗೆ ಕಲಿಸಿದರು. ಅಕ್ಕಿಯ ಹಿಟ್ಟಿನಿಂದ ಮಾಡಿದ ಉಪ್ಪಿನ ಗಂಜಿಯೂ ಕಾಲರಾದಲ್ಲಿ ಒಳ್ಳೆಯ ಗುಣ ಕೊಡುವುದೆಂದು ಆಮೇಲೆ ಸಿದ್ಧವಾಯಿತು. ಮಂಡ, ಯವಾಗು ಎಂದು ಪ್ರಾಚೀನರು ಕರೆದುದನ್ನೇ ಅಳತೆಯ ನಿಖರತೆಯೊಡನೆ ಲೋಕವು ಮತ್ತೆ ಕೈಗೆತ್ತಿಕೊಂಡಿತೆನ್ನಬಹುದು. ನೀರನ್ನು ನಿಲ್ಲಿಸಿದ ಪಥ್ಯವು ಕೊಂದಿತು; ನೀರನ್ನು ಕೊಟ್ಟ ಪಥ್ಯವು ಬದುಕಿಸಿತು.

ಇಷ್ಟು ಹೇಳಿದುದರಿಂದ ಪಥ್ಯವೊಂದೇ ಸಕಲ ರೋಗಗಳಿಗೂ ಸಾಕೆಂದು ಯಾರೂ ಭಾವಿಸಕೂಡದು. ಪಥ್ಯದ ಎಲ್ಲೆಯನ್ನು ಮಧುಮೇಹದ ಇತಿಹಾಸವು ಸ್ಪಷ್ಟವಾಗಿ ತೋರಿಸುತ್ತದೆ. ಸುಶ್ರುತನು ಪ್ರಮೇಹದಲ್ಲಿ ಎರಡು ಬಗೆಗಳನ್ನು ಹೇಳಿದ್ದಾನೆ: ಹುಟ್ಟಿನಿಂದ ಬರುವ ಸಹಜವು ಒಂದು, ಅಪಥ್ಯದಿಂದ ಬರುವುದು ಇನ್ನೊಂದು. ಮೊದಲನೆಯ ರೋಗಿಯು ಕೃಶನು, ಅವನನ್ನು ಪೋಷಿಸಬೇಕು; ಎರಡನೆಯವನು ಸ್ಥೂಲನು, ಅವನ ಆಹಾರವನ್ನು ಇಳಿಸಿ ವ್ಯಾಯಾಮ ಮಾಡಿಸಬೇಕು. ಬಡವನಾದರೆ ಕೆರವು ಕೊಡೆಗಳಿಲ್ಲದೆ ನೂರು ಯೋಜನ ನಡೆಯಲಿ, ಅಥವಾ ಬಾವಿಯನ್ನು ತೋಡಲಿ ಎಂದೂ ವಿಧಿಸಿದ್ದಾನೆ. ಎರಡನೆಯ ಬಗೆಗೆ ಈ ಉಪದೇಶವು ಇಂದಿಗೂ ಸಲ್ಲುತ್ತದೆ. ಆದರೆ ದೇಹದಲ್ಲಿ ಇನ್ಸುಲಿನ್ನೇ ಹುಟ್ಟದ ಮಕ್ಕಳ ಮಧುಮೇಹಕ್ಕೆ ಯಾವ ದೇಶದ ಯಾವ ಪಥ್ಯವೂ ಸಾಕಾಗಲಿಲ್ಲ. 1910ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಆಲನ್ ಎಂಬ ವೈದ್ಯನು ಅಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಒಂದೆರಡು ವರುಷ ಆಯುಷ್ಯವನ್ನು ಎಳೆದನು. ಮಕ್ಕಳು ಎಲುಬಿನ ಹಂದರಗಳಾದುವು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ 14 ವಯಸ್ಸಿನ ಹುಡುಗನೊಬ್ಬನಿಗೆ ಇನ್ಸುಲಿನ್ ಚುಚ್ಚಿದ ಮೇಲೆಯೇ ಆ ಸಂಕಟಕ್ಕೆ ಪರಿಹಾರ ದೊರೆತುದು. ಆದುದರಿಂದ ಪಥ್ಯವನ್ನು ನಂಬಿ ಇನ್ಸುಲಿನ್ನನ್ನು ಬಿಡುವವನು ಶಾಸ್ತ್ರವನ್ನು ಗೌರವಿಸಿದಂತಾಗುವುದಿಲ್ಲ, ಪ್ರಾಣವನ್ನು ಪಣಕ್ಕಿಟ್ಟಂತಾಗುತ್ತದೆ.

ಈ ಇತಿಹಾಸದಿಂದ ನಾವು ನಿತ್ಯಜೀವನಕ್ಕೆ ಕಲಿಯಬೇಕಾದುದೇನು? ಸಾಮಾನ್ಯವಾಗಿ ಕಾಣುವ ನಾಲ್ಕೈದು ಬಾಧೆಗಳನ್ನು ತೆಗೆದುಕೊಂಡು ಹೇಳುತ್ತೇನೆ.

ಭೇದಿಯಾದಾಗ ಕುಡಿಯುವುದನ್ನು ನಿಲ್ಲಿಸಲೇಬಾರದು. ಔಷಧದಂಗಡಿಯಲ್ಲಿಯೂ ಸರ್ಕಾರಿ ಆರೋಗ್ಯಕೇಂದ್ರದಲ್ಲಿಯೂ ಸಿಗುವ ಓ.ಆರ್.ಎಸ್. ಪೊಟ್ಟಣವು ಉತ್ತಮ. ಅದು ದೊರೆಯದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಹಾಕಿ ಕರಗಿಸಿ, ಚಿಕ್ಕ ಚಮಚದಿಂದ ಆಗಾಗ ಕುಡಿಸಬೇಕು. ಉಪ್ಪಿನ ಅಳತೆ ಮೀರಬಾರದು. ಕೂಸಿಗೆ ಎದೆಹಾಲನ್ನೂ, ದೊಡ್ಡ ಮಕ್ಕಳಿಗೆ ಗಂಜಿಯನ್ನೂ ಮೆತ್ತನೆಯ ಅನ್ನವನ್ನೂ ಮುಂದುವರಿಸಬೇಕು. ಕಣ್ಣು ಗುಳಿಬಿದ್ದು ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದುದೆಲ್ಲ ವಾಂತಿಯಾದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ರಕ್ತಹೀನತೆಯು ನಮ್ಮ ಸ್ತ್ರೀಯರನ್ನು ಸದ್ದಿಲ್ಲದೆ ತಿನ್ನುತ್ತಿರುವ ಬಾಧೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಜನರಿಗೆ ಇದು ಉಂಟು. ಸೊಪ್ಪು, ಕಾಳು, ಎಳ್ಳುಗಳ ಜೊತೆಗೆ ನಿಂಬೆಯ ಹುಳಿಯನ್ನೋ ನೆಲ್ಲಿಕಾಯನ್ನೋ ಸೇರಿಸಿದರೆ ಅವುಗಳ ಕಬ್ಬಿಣವು ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತುವುದಿಲ್ಲ. ಆದರೂ ಬಸುರಿಗೆ ಆಹಾರವೊಂದೇ ಸಾಲದು. ವೈದ್ಯರು ಕೊಡುವ ಕಬ್ಬಿಣದ ಗುಳಿಗೆಯನ್ನು ತಪ್ಪದೆ ನುಂಗಬೇಕು. ಮನೆಯವರೆಲ್ಲ ಉಂಡಮೇಲೆ ಉಳಿದುದನ್ನು ಉಣ್ಣುವ ಪದ್ಧತಿಯು ಹೋಗದೆ ಈ ರೋಗವು ಹೋಗದೆಂಬುದನ್ನೂ ಗೃಹಸ್ಥರು ಮನಗಾಣಬೇಕು.

ರಕ್ತದ ಒತ್ತಡವುಳ್ಳವರಿಗೆ ಉಪ್ಪೇ ಮುಖ್ಯ ಅಪಥ್ಯ. ದಿನಕ್ಕೆ ಒಟ್ಟು 5 ಗ್ರಾಂ, ಎಂದರೆ ಒಂದು ಚಿಕ್ಕ ಚಮಚಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಅಡಗಿರುವ ಉಪ್ಪನ್ನೂ ಈ ಲೆಕ್ಕದಲ್ಲಿ ಹಿಡಿಯಬೇಕು. ಮಲಬದ್ಧತೆಗೆ ಸೊಪ್ಪು, ತರಕಾರಿ, ತೌಡುಳ್ಳ ಧಾನ್ಯ, ಸಾಕಷ್ಟು ನೀರು ಮತ್ತು ನಡಿಗೆ ಇವು ದಿನನಿತ್ಯದ ಮದ್ದು.

ಮಧುಮೇಹಿಗಳ ಸಂಖ್ಯೆಯು ನಮ್ಮ ದೇಶದಲ್ಲಿ ಸುಮಾರು 10 ಕೋಟಿಯೆಂದು 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮೀಕ್ಷೆಯು ಪ್ರಕಟಿಸಿತು. ಇವರಲ್ಲಿ ಅನೇಕರು ಅನ್ನವನ್ನು ಬಿಟ್ಟು ಮುದ್ದೆಯನ್ನು ಹಿಡಿದರೆ ರೋಗ ಹೋಯಿತೆಂದು ತಿಳಿಯುತ್ತಾರೆ. ರಾಗಿಯು ಶ್ರೇಷ್ಠವಾದ ಧಾನ್ಯವೇ ಸರಿ; 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದೆ; ಬಿಳಿಯಕ್ಕಿಯಲ್ಲಿ ಅದರ ಲೇಶವೂ ಇಲ್ಲವೆನ್ನಬಹುದು. ಆದರೆ ರಾಗಿಯಲ್ಲಿಯೂ ನೂರಕ್ಕೆ ಸುಮಾರು 70 ಭಾಗ ಪಿಷ್ಟವೇ ಉಂಟು. ಎರಡು ದೊಡ್ಡ ಮುದ್ದೆಗಳನ್ನು ನುಂಗಿ ಪಥ್ಯ ಮಾಡಿದೆನೆನ್ನುವವನು ಅಗ್ನಿವೇಶನ ಪ್ರಶ್ನೆಯನ್ನು ಮರೆತವನು. ಅಳತೆಯೇ ಇಲ್ಲಿ ಔಷಧ. ಮೂತ್ರಪಿಂಡ ಸೋತವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಎಲ್ಲರಿಗೂ ಹಿತವೆನಿಸಿದ ಎಳನೀರು ಅದರಲ್ಲಿರುವ ಪೊಟ್ಯಾಸಿಯಂ ಲವಣದಿಂದ ಅವರ ಹೃದಯಕ್ಕೆ ಅಪಾಯವನ್ನು ತರಬಹುದು. ಒಬ್ಬನ ಅಮೃತವು ಇನ್ನೊಬ್ಬನ ವಿಷವೆಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಡ.

ಮಠಗಳು ಶತಮಾನಗಳಿಂದ ನಡೆಸಿಕೊಂಡು ಬಂದಿರುವ ದಾಸೋಹವು ನಾಡಿನ ದೊಡ್ಡ ಪುಣ್ಯ. ಸರ್ಕಾರವೂ 2002ರಲ್ಲಿ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟದ ಯೋಜನೆಯನ್ನು ಆರಂಭಿಸಿದಾಗ ಅದಕ್ಕೆ 'ಅಕ್ಷರ ದಾಸೋಹ'ವೆಂದೇ ಹೆಸರಿಟ್ಟಿತು. ಶರಣರ ಒಂದು ಶಬ್ದವು ಇಡೀ ನಾಡಿನ ಮಕ್ಕಳ ತಟ್ಟೆಯ ಮೇಲೆ ಬಂದು ಕುಳಿತಿತು. ದಾಸೋಹದ ಪಂಕ್ತಿಯಲ್ಲಿ ಇಂದು ಕುಳಿತುಕೊಳ್ಳುವವರಲ್ಲಿ ಮಧುಮೇಹಿಯುಂಟು, ಒತ್ತಡದವನುಂಟು, ಎಳೆಗೂಸಿನ ತಾಯಿಯುಂಟು. ಅವರಿಗಾಗಿ ಉಪ್ಪು ಕಡಿಮೆಯಾದ ಒಂದು ಸಾರು, ಸೊಪ್ಪಿನ ಒಂದು ಪಲ್ಯ, ತೌಡು ಪೂರ್ತಿ ಹೋಗದ ಅಕ್ಕಿಯ ಅನ್ನ, ರೋಗಿಗೆ ಒಂದು ಬಟ್ಟಲು ಗಂಜಿ ಇವಿಷ್ಟನ್ನು ಪಾಕಶಾಲೆಯವರು ಗಮನದಲ್ಲಿಟ್ಟರೆ ಬಳ್ಳಿಗಾವೆಯ ಶಾಸನವು ಹೊಗಳಿದ ಆ ಹಳೆಯ ಧರ್ಮವು ಮತ್ತೆ ಜೀವಂತವಾಗುವುದು. ಇದಕ್ಕೆ ಹೆಚ್ಚಿನ ದ್ರವ್ಯವು ಬೇಡ. ಹೆಚ್ಚಿನ ಲಕ್ಷ್ಯವು ಬೇಕು.

ಭಕ್ತರ ಮನೆಗಳಲ್ಲಿಯೂ ಹಾಗೆಯೇ. ರೋಗಿಯ ಹಾಸಿಗೆಯ ಬಳಿಗೆ ಬಂದವರು, 'ಇದನ್ನು ಬಿಡಿ, ಅದನ್ನು ಬಿಡಿ' ಎನ್ನುವ ಮೊದಲು 'ಏನನ್ನು ಕೊಟ್ಟಿರಿ?' ಎಂದು ಕೇಳುವ ರೂಢಿಯಾಗಲಿ. ಎಲೆಯಿಂದ ಒಂದನ್ನು ತೆಗೆದವರು ಅದರ ಸ್ಥಾನದಲ್ಲಿ ಇನ್ನೊಂದನ್ನಿಡುವ ಹೊಣೆಯನ್ನೂ ಹೊರಲಿ. ಶ್ರೀಮಠದ ಕೃಪೆಯಿಂದ ನಾಡಿನ ಯಾವ ಕೂಸೂ ನೀರಿಲ್ಲದೆ, ಯಾವ ಬಾಣಂತಿಯೂ ಅನ್ನವಿಲ್ಲದೆ ಸೊರಗದಿರಲೆಂದು ಹಾರೈಸಿ, ಈ ಅಲ್ಪ ಲೇಖನವನ್ನು ಮಹೋತ್ಸವದ ಶುಭಸಂದರ್ಭದಲ್ಲಿ ಭಕ್ತಿಪೂರ್ವಕವಾಗಿ ಸಮರ್ಪಿಸುತ್ತೇನೆ.